ವಿಜಯಪುರದ ಬೇಸಿಗೆಯಲ್ಲಿ ಸದ್ದು ಮಾಡದ ಸಿಪಿಯು ಕೂಲರ್: ಜೋಡಣೆ, ಅಳತೆ, ಕೈಕೊಟ್ಟ ಪ್ರಯತ್ನಗಳು

ಈ ಡೆಸ್ಕ್‌ಟಾಪ್ ಇರುವುದು ವಿಜಯಪುರದ ಒಂದು ಕೋಚಿಂಗ್ ಕ್ಲಾಸಿನಲ್ಲಿ, ಪಾಠ ರೆಕಾರ್ಡ್ ಮಾಡುವ ಕೋಣೆಯಲ್ಲಿ. ಹತ್ತಕ್ಕೆ ಹನ್ನೆರಡು ಅಡಿಯ ಕೋಣೆ, ತಲೆಯ ಮೇಲೆ ನೇರ ಆರ್‌ಸಿಸಿ ಸ್ಲ್ಯಾಬ್. ರೆಕಾರ್ಡಿಂಗ್ ಶುರುವಾದರೆ ಸೀಲಿಂಗ್ ಫ್ಯಾನ್ ಬಂದ್, ಕಿಟಕಿ ಬಂದ್. ನೀರಿನ ಏರ್ ಕೂಲರ್ ಹಾಕುವ ಮಾತೇ ಇಲ್ಲ, ಅದರ ಸದ್ದು ಪಕ್ಕದ ಕೋಣೆಗೂ ಕೇಳುತ್ತದೆ. ಏಪ್ರಿಲ್ ಮಧ್ಯಾಹ್ನ ಹೊರಗೆ 40 ದಾಟಿದಾಗ ಒಳಗೆ 38 ಡಿಗ್ರಿ. ಮೈಕ್‌ಗೂ ಕ್ಯಾಬಿನೆಟ್‌ಗೂ ನಡುವೆ ಮೂರೇ ಅಡಿ. ರೆಕಾರ್ಡ್ ಆದ ಪ್ರತಿ ಪಾಠದ ಹಿಂದೆ ಗುಂಯ್ ಎನ್ನುವ ಸದ್ದು, ಅದೂ ಒಂದೇ ಸಮ ಇರದೆ ಏರಿಳಿಯುತ್ತ ಬರುತ್ತಿತ್ತು.

ಸದ್ದಿನ ಮೂಲ ಸಿಪಿಯು ಕೂಲರ್, ಅಂದರೆ ಪ್ರೊಸೆಸರ್ ಮೇಲೆ ಕೂತು ಅದರ ಬಿಸಿ ತೆಗೆಯುವ ಲೋಹ ಮತ್ತು ಫ್ಯಾನ್. ಅದರ ಪೆಟ್ಟಿಗೆಯ ಮೇಲೆ ಬರೆದಿರುವ ಡೆಸಿಬಲ್ ನೋಡಿ ಕೊಳ್ಳುವವರಿಗೆ ಒಂದು ಮಾತು ಮೊದಲೇ ಹೇಳಬೇಕು. ಫ್ಯಾನ್ ಎಷ್ಟು ಸದ್ದು ಮಾಡುತ್ತದೆ ಎನ್ನುವುದಕ್ಕಿಂತ, ನಿಮ್ಮ ಕೋಣೆಯ ಕಾವಿನಲ್ಲಿ ಅದು ಎಷ್ಟು ವೇಗದಲ್ಲಿ ತಿರುಗಬೇಕಾಗುತ್ತದೆ ಎನ್ನುವುದು ಮುಖ್ಯ. ಕೂಲರ್ ಯಾವುದೇ ಇರಲಿ, ಅದು ಕೋಣೆಯ ಗಾಳಿಗಿಂತ ಇಂತಿಷ್ಟು ಡಿಗ್ರಿ ಮೇಲೆ ಪ್ರೊಸೆಸರನ್ನು ಹಿಡಿದಿಡುತ್ತದೆ, ಅಷ್ಟೇ. ಅಂತರ್ಜಾಲದ ಬಹುತೇಕ ಪರೀಕ್ಷೆಗಳು 20–25 ಡಿಗ್ರಿಯ ಕೋಣೆಯಲ್ಲಿ ನಡೆದಿರುತ್ತವೆ. ಅಲ್ಲಿ 65 ಎಂದು ಬಂದದ್ದು ನಮ್ಮಲ್ಲಿ 80ರ ಹತ್ತಿರ ಬರುತ್ತದೆ. ಕೆಳಗಿನ ಎಲ್ಲ ಅಂಕಿಗಳೂ 38 ಡಿಗ್ರಿ ಕೋಣೆಯವು.

1. ಯಂತ್ರ ಮತ್ತು ಅಳತೆಯ ಸಾಮಾನು

ಪ್ರೊಸೆಸರ್ ರೈಜೆನ್ 5 5600. ಹೆಸರಿಗೆ 65 ವ್ಯಾಟ್, ಪೂರ್ತಿ ಕೆಲಸ ಬಿದ್ದರೆ 76 ವ್ಯಾಟ್‌ವರೆಗೆ ಎಳೆಯುತ್ತದೆ. ಇದರ ತಾಪಮಿತಿ 90 ಡಿಗ್ರಿ, ಅದು ಬಂದ ಕೂಡಲೇ ವೇಗ ತಾನಾಗಿ ಇಳಿಯುತ್ತದೆ. ಬಿ450 ಮೈಕ್ರೋ ಎಟಿಎಕ್ಸ್ ಮದರ್‌ಬೋರ್ಡ್ (ಮುಂದೆ ಬರೀ ಬೋರ್ಡ್), 8 ಜಿಬಿಯ ಎರಡು ರ‍್ಯಾಮ್, ಒಂದು ಎಸ್‌ಎಸ್‌ಡಿ, ಒಂದು 7,200 ಆರ್‌ಪಿಎಂ (ನಿಮಿಷಕ್ಕೆ ಇಷ್ಟು ಸುತ್ತು) ಹಾರ್ಡ್ ಡಿಸ್ಕ್. ಕ್ಯಾಬಿನೆಟ್‌ಗೆ ಮುಂದೆ ಒಂದು, ಹಿಂದೆ ಒಂದು 120 ಮಿ.ಮೀ. ಫ್ಯಾನ್, ಪಕ್ಕದಲ್ಲಿ ಗಾಜಿನ ಬಾಗಿಲು.

ತಾಪಕ್ಕೆ ಎಚ್‌ಡಬ್ಲ್ಯೂಇನ್‌ಫೋ ತಂತ್ರಾಂಶ. ಕೋಣೆಯ ತಾಪಕ್ಕೆ ವಯರ್ ತುದಿಯಲ್ಲಿ ಸೆನ್ಸರ್ ಇರುವ ಸಣ್ಣ ಡಿಜಿಟಲ್ ಥರ್ಮಾಮೀಟರ್. ಸೆನ್ಸರನ್ನು ಗೋಡೆಗಲ್ಲ, ಕ್ಯಾಬಿನೆಟ್ ಗಾಳಿ ಎಳೆದುಕೊಳ್ಳುವ ಜಾಗದ ಎದುರು ನೇತುಹಾಕಬೇಕು. ಟೇಬಲ್ ಕೆಳಗಿನ ಗಾಳಿ ಕೋಣೆಯ ನಡುವಿನ ಗಾಳಿಗಿಂತ ಎರಡು ಡಿಗ್ರಿ ಬಿಸಿ ಇರುವುದು ಸಾಮಾನ್ಯ.

ಸದ್ದಿಗೆ ಮೊಬೈಲ್ ಆ್ಯಪ್ ಕೆಲಸಕ್ಕೆ ಬರಲಿಲ್ಲ. ಸಣ್ಣ ಸದ್ದಿನಲ್ಲಿ ಮೊಬೈಲ್ ಮೈಕಿನದೇ ಗದ್ದಲ ಹೆಚ್ಚು, 900 ಆರ್‌ಪಿಎಂಗೂ 700ಕ್ಕೂ ಒಂದೇ ಅಂಕಿ ತೋರಿಸಿತು. ಬದಲಿಗೆ ಪಾಠಕ್ಕೆ ಬಳಸುವ ಮೈಕನ್ನೇ ಅದೇ ಜಾಗದಲ್ಲಿಟ್ಟು, ಗೇನ್ ಗುಂಡಿಗೆ (ಮೈಕ್ ಸದ್ದನ್ನು ಎಷ್ಟು ಹಿಗ್ಗಿಸಬೇಕೆಂದು ಹೇಳುವ ಗುಂಡಿ) ಟೇಪ್ ಅಂಟಿಸಿ ಅಲುಗದಂತೆ ಮಾಡಿ, ಪ್ರತಿ ವೇಗಕ್ಕೂ 30 ಸೆಕೆಂಡ್ ರೆಕಾರ್ಡ್ ಮಾಡಲಾಯಿತು. ಆಡಾಸಿಟಿ ಎಂಬ ಧ್ವನಿ ತಂತ್ರಾಂಶದಲ್ಲಿ ಅನಲೈಜ್ ಮೆನುವಿನ ಕಾಂಟ್ರಾಸ್ಟ್ ತೆರೆದರೆ ಆಯ್ದ ತುಣುಕಿನ ಸರಾಸರಿ ಮಟ್ಟ ಸಿಗುತ್ತದೆ. ಈ ಅಂಕಿಗಳು ಈ ಮೈಕ್, ಈ ಗೇನ್, ಈ ದೂರಕ್ಕೆ ಮಾತ್ರ ಅನ್ವಯ. ಬೇರೆಯವರ ಅಂಕಿಗೆ ಹೋಲಿಸಲು ಬರುವುದಿಲ್ಲ, ತಮ್ಮ ತಮ್ಮಲ್ಲೇ ಹೋಲಿಸಿದರೆ ಪಕ್ಕಾ.

ಇನ್ನೊಂದು ತೊಡಕಿತ್ತು. ಕಾವು ಹೆಚ್ಚಿರುವುದು ಮಧ್ಯಾಹ್ನ 2ರಿಂದ 4. ಆ ಹೊತ್ತಿನಲ್ಲಿ ರಸ್ತೆಯ ಆಟೋ, ಟ್ರ್ಯಾಕ್ಟರ್ ಸದ್ದಿನಲ್ಲಿ ಫ್ಯಾನಿನ ಸದ್ದು ಅಳೆಯಲಾಗದು. ಬೀದಿ ಸುಮ್ಮನಿರುವುದು ನಸುಕಿನ 5ಕ್ಕೆ, ಆಗ ಕೋಣೆ ತಂಪು. ಆದ್ದರಿಂದ ಕೆಲಸವನ್ನು ಎರಡು ಹೋಳು ಮಾಡಬೇಕಾಯಿತು. ನಸುಕಿನಲ್ಲಿ ಫ್ಯಾನನ್ನು ಬೇರೆ ಬೇರೆ ಆರ್‌ಪಿಎಂಗೆ ಕಟ್ಟಿಹಾಕಿ ಸದ್ದು ಮಾತ್ರ ಅಳೆಯುವುದು, ಮಧ್ಯಾಹ್ನ ಅದೇ ಆರ್‌ಪಿಎಂಗಳಲ್ಲಿ ತಾಪ ಮಾತ್ರ ಅಳೆಯುವುದು. ಒಂದೇ ವೇಗದಲ್ಲಿ ಫ್ಯಾನಿನ ಸದ್ದು ನಸುಕಿಗೂ ಮಧ್ಯಾಹ್ನಕ್ಕೂ ಬದಲಾಗುವುದಿಲ್ಲ, ಹಾಗಾಗಿ ಎರಡು ಪಟ್ಟಿಗಳನ್ನು ಆರ್‌ಪಿಎಂ ಹಿಡಿದು ಜೋಡಿಸಿದರೆ ಲೆಕ್ಕ ಕೂಡುತ್ತದೆ.

2. ಪ್ರೊಸೆಸರ್ ಜೊತೆ ಬಂದ ಕೂಲರ್

ಸಿನಿಬೆಂಚ್ ಆರ್23 (ಪ್ರೊಸೆಸರನ್ನು ಪೂರ್ತಿ ದುಡಿಸಿ ಅಂಕ ಕೊಡುವ ತಂತ್ರಾಂಶ), ಹತ್ತು ನಿಮಿಷದ ಓಟ. ಆರನೇ ನಿಮಿಷಕ್ಕೆ 90 ಡಿಗ್ರಿ, ಫ್ಯಾನ್ 2,650 ಆರ್‌ಪಿಎಂ, ಪ್ರೊಸೆಸರ್ ವೇಗ ಇಳಿಯಲು ಶುರು. ಅಂಕ 10,500ರ ಆಸುಪಾಸು. ನಸುಕಿನ ಸದ್ದಿನ ಪಟ್ಟಿ ಹೀಗೆ (ಡೆಸಿಬಲ್‌ನಲ್ಲಿ, ಸೊನ್ನೆಗೆ ಹತ್ತಿರ ಬಂದಷ್ಟೂ ಸದ್ದು ಜೋರು): ಯಂತ್ರ ಬಂದ್ ಇದ್ದಾಗ −66, 1,500ರಲ್ಲಿ −55, 2,000ದಲ್ಲಿ −49, 2,650ರಲ್ಲಿ −43.

ಸುಮ್ಮನೆ ಡೆಸ್ಕ್‌ಟಾಪ್ ತೆರೆದಿಟ್ಟಾಗಲೂ 48ರಿಂದ 54ರ ನಡುವೆ ಓಡಾಟ. ಬೋರ್ಡಿನ ಸಿದ್ಧ ಫ್ಯಾನ್ ಕರ್ವ್ (ಯಾವ ತಾಪಕ್ಕೆ ಎಷ್ಟು ವೇಗ ಎಂದು ಹೇಳುವ ಗೆರೆ) 50ಕ್ಕೆ ಮೇಲೇರಲು ಶುರು ಮಾಡುತ್ತದೆ. ತಂಪು ದೇಶದಲ್ಲಿ ಸುಮ್ಮನಿರುವ ಪ್ರೊಸೆಸರ್ 35ರಲ್ಲಿರುತ್ತದೆ, ಅಲ್ಲಿ ಈ ಕರ್ವ್ ಸರಿ. ನಮ್ಮಲ್ಲಿ ಬೇಸಿಗೆಯಿಡೀ ಆ 50ರ ಗೆರೆಯ ಮೇಲೆ ಕೆಳಗೆ ಆಡುತ್ತಲೇ ಇರುತ್ತದೆ. ಬ್ರೌಸರ್ ತೆರೆದರೆ ವೇಗ ಏರಿತು, ಮುಚ್ಚಿದರೆ ಇಳಿಯಿತು. ಪಾಠದ ಹಿಂದಿನ ಏರಿಳಿತದ ಸದ್ದಿಗೆ ಕಾರಣ ಇದೇ. ಒಂದೇ ಸಮನಾದ ಸದ್ದನ್ನು ಆಡಾಸಿಟಿಯ ನಾಯ್ಸ್ ರಿಡಕ್ಷನ್ ಸುಲಭವಾಗಿ ತೆಗೆಯುತ್ತದೆ, ಏಕೆಂದರೆ ಅದು ಮಾತಿಲ್ಲದ ಒಂದು ತುಣುಕಿನ ಸದ್ದನ್ನು ಮಾದರಿಯಾಗಿ ಹಿಡಿದು ಉಳಿದೆಡೆ ಕಳೆಯುತ್ತದೆ. ಏರಿಳಿಯುವ ಸದ್ದಿಗೆ ಮಾದರಿ ಯಾವುದನ್ನು ಕೊಡುವುದು? ತೆಗೆಯಲು ಹೋದರೆ ಮಾತೇ ತಗಡು ಬಡಿದಂತಾಗುತ್ತದೆ.

3. ಯಾವ ಕೂಲರ್

ಮೊದಲು ಸ್ಟೀಲ್ ಪಟ್ಟಿಯಿಂದ ಅಳತೆ. ಕ್ಯಾಬಿನೆಟ್ ಕಂಪನಿ ಕೊಟ್ಟ ಅಂಕಿ 160 ಮಿ.ಮೀ., ಪ್ರೊಸೆಸರ್ ಮೇಲ್ಮೈಯಿಂದ ಗಾಜಿನ ಒಳಮುಖಕ್ಕೆ ಅಳೆದರೆ 157. ಗಾಜಿನ ದಪ್ಪ, ಅದರ ಹಿಂದಿನ ರಬ್ಬರ್, ಬೋರ್ಡ್ ಕೂತ ಎತ್ತರ ಎಲ್ಲ ಸೇರಿ ಮೂರು ಮಿ.ಮೀ. ತಿಂದಿವೆ. ನಾಕ್ಟುವಾ ಕಂಪನಿಯ ಎನ್‌ಎಚ್-ಯು12ಎಸ್ 158 ಮಿ.ಮೀ. ಎತ್ತರ, ಕಾಗದದ ಲೆಕ್ಕದಲ್ಲಿ ಕೂರಬೇಕು, ಇಲ್ಲಿ ಗಾಜಿಗೆ ತಾಗುತ್ತದೆ. ಎನ್‌ಎಚ್-ಡಿ15 165, ಅದರ ಯೋಚನೆಯೇ ಬೇಡ. ಫ್ಯಾನೇ ಇಲ್ಲದ ಎನ್‌ಎಚ್-ಪಿ1 ಎಂಬುದು 2021ರಲ್ಲಿ ಬಂತು. ಕಿವಿಗೆ ಹಿತವಾದ ಆಲೋಚನೆ, ಆದರೆ ಅದು 1,180 ಗ್ರಾಂ ತೂಕದ್ದು, ಗಾಳಿ ತಾನಾಗಿ ಮೇಲೇರಿ ಹೊರಹೋಗಲು ತೆರಪಾದ ಕ್ಯಾಬಿನೆಟ್ ಬೇಡುತ್ತದೆ. 38 ಡಿಗ್ರಿಯ ಮುಚ್ಚಿದ ಕೋಣೆಯಲ್ಲಿ ಗಾಜಿನ ಪೆಟ್ಟಿಗೆಯೊಳಗೆ 76 ವ್ಯಾಟ್ ಅದಕ್ಕೆ ಹೊರೆ. ಪ್ರೊಸೆಸರಿನ ಬಿಸಿಯನ್ನು ನೀರಿನಿಂದ ಸಾಗಿಸುವ ಕೂಲರ್‌ನಲ್ಲಿ ಫ್ಯಾನ್ ನಿಧಾನವಾದರೂ ಪಂಪಿನ ಸಣ್ಣ ಮೊರೆತ ಸದಾ ಇರುತ್ತದೆ, ಮೈಕ್ ಅದನ್ನು ಹಿಡಿಯುತ್ತದೆ.

ಕೊನೆಗೆ ಕೊಂಡದ್ದು ಒಂಟಿ ಟವರ್ (ತೆಳು ಲೋಹದ ಹಾಳೆಗಳ ಒಂದೇ ಗೋಪುರ), ಬಿಸಿಯನ್ನು ಮೇಲಕ್ಕೆ ಸಾಗಿಸುವ ನಾಲ್ಕು 6 ಮಿ.ಮೀ. ಹೀಟ್ ಪೈಪ್, ಎತ್ತರ 155 ಮಿ.ಮೀ., 500ರಿಂದ 1,850 ಆರ್‌ಪಿಎಂನ 120 ಮಿ.ಮೀ. ಪಿಡಬ್ಲ್ಯೂಎಂ ಫ್ಯಾನ್ (ಬೋರ್ಡಿನ ಸಂಕೇತದಿಂದ ವೇಗ ಬದಲಿಸುವಂಥದ್ದು). ₹2,350. ಈ ಅಳತೆಯ ಕೂಲರ್‌ಗಳು ಹಲವು ಕಂಪನಿಗಳಲ್ಲಿವೆ, ಫಲಿತಾಂಶದಲ್ಲಿ ಎರಡು-ಮೂರು ಡಿಗ್ರಿಗಿಂತ ಹೆಚ್ಚಿನ ವ್ಯತ್ಯಾಸ ಇರುವುದಿಲ್ಲ. ನೋಡಬೇಕಾದದ್ದು ಫ್ಯಾನ್ ಎಷ್ಟು ಕೆಳಗಿನ ವೇಗದಲ್ಲಿ ನಿಲ್ಲದೆ ತಿರುಗುತ್ತದೆ ಎಂಬುದನ್ನು. 800ಕ್ಕಿಂತ ಕೆಳಗಿಳಿಯದ ಫ್ಯಾನ್ ಇಂಥ ಕೋಣೆಗೆ ಉಪಯೋಗವಿಲ್ಲ.

4. ಹಳೆಯದನ್ನು ಬಿಚ್ಚುವುದು

ಎಎಂ4 ಸಾಕೆಟ್ (ಪ್ರೊಸೆಸರ್ ಕೂರುವ ಜಾಗ) ಇರುವ ಇಂಥ ಬೋರ್ಡಿನಲ್ಲಿ ಅತಿ ಹೆಚ್ಚು ನಷ್ಟ ಆಗುವುದು ಇಲ್ಲೇ. ಈ ಪ್ರೊಸೆಸರ್‌ನ ಕೆಳಗೆ 1,331 ಪಿನ್‌ಗಳಿವೆ, ಸಾಕೆಟ್‌ನ ಹಿಡಿತ ಸಡಿಲ. ಬಿಸಿ ದಾಟಿಸಲು ಪ್ರೊಸೆಸರಿಗೂ ಕೂಲರಿಗೂ ನಡುವೆ ಹಚ್ಚಿದ ಪೇಸ್ಟ್ ಒಣಗಿ ಗಟ್ಟಿಯಾಗಿದ್ದರೆ, ಕೂಲರನ್ನು ನೇರ ಮೇಲಕ್ಕೆ ಎಳೆದಾಗ ಪ್ರೊಸೆಸರ್ ಕೂಲರಿಗೆ ಅಂಟಿಕೊಂಡೇ ಕಿತ್ತು ಬರುತ್ತದೆ. ಸಾಕೆಟ್‌ನ ಲಿವರ್ ಹಾಕಿದ್ದರೂ ಬರುತ್ತದೆ.

ಆದ್ದರಿಂದ ಯಂತ್ರವನ್ನು ಹತ್ತು ನಿಮಿಷ ಚೆನ್ನಾಗಿ ದುಡಿಸಿ, ಬಂದ್ ಮಾಡಿ, ವಯರ್ ಕಿತ್ತು, ಬಿಸಿ ಇರುವಾಗಲೇ ಬಿಚ್ಚಬೇಕು. ಸ್ಕ್ರೂ ಸಡಿಲಿಸಿದ ಮೇಲೆ ಕೂಲರನ್ನು ಎಡಕ್ಕೆ ಬಲಕ್ಕೆ ಸ್ವಲ್ಪ ಸ್ವಲ್ಪವೇ ತಿರುಗಿಸುತ್ತ ಹೋದರೆ ಒಂದು ಹಂತದಲ್ಲಿ ಬೆಣ್ಣೆಯ ಮೇಲೆ ಜಾರಿದ ಹಾಗೆ ಸಡಿಲಾಗುತ್ತದೆ. ಆಗ ಎತ್ತಿ. ಅಷ್ಟಾದರೂ ಕಿತ್ತು ಬಂದು ಪಿನ್ ಬಾಗಿದ್ದರೆ, ಸೀಸ ತೆಗೆದ 0.7 ಮಿ.ಮೀ. ಮೆಕ್ಯಾನಿಕಲ್ ಪೆನ್ಸಿಲ್‌ನ ತುದಿಯ ತೂತಿನೊಳಗೆ ಪಿನ್ ಸೇರಿಸಿ ನಿಧಾನಕ್ಕೆ ನೆಟ್ಟಗೆ ಮಾಡಬಹುದು. ಒಂದೇ ಪಿನ್ನನ್ನು ಪದೇ ಪದೇ ಹಿಂದೆ ಮುಂದೆ ಬಗ್ಗಿಸಿದರೆ ಮುರಿಯುವುದು ಖಚಿತ.

ಎರಡನೆಯ ಅಪಾಯವನ್ನು ಬಹಳ ಜನ ಹೇಳುವುದಿಲ್ಲ. ಪ್ರೊಸೆಸರ್ ಜೊತೆ ಬರುವ ಈ ಸಣ್ಣ ಕೂಲರಿನ ನಾಲ್ಕು ಸ್ಕ್ರೂಗಳು ನೇರವಾಗಿ ಬೋರ್ಡಿನ ಹಿಂದಿನ ಬ್ಯಾಕ್‌ಪ್ಲೇಟ್‌ಗೆ ಹೋಗುತ್ತವೆ. ಬ್ಯಾಕ್‌ಪ್ಲೇಟನ್ನು ಹಿಡಿದಿರುವುದು ಆ ಸ್ಕ್ರೂಗಳು ಮಾತ್ರ. ನಾಲ್ಕೂ ಬಿಚ್ಚಿದ ಕ್ಷಣ ಅದು ಹಿಂದೆ ಬೀಳುತ್ತದೆ, ಮತ್ತೆ ಒಂದೇ ಕೈಯಲ್ಲಿ ಹಿಡಿದು ಹೊಸ ಸ್ಕ್ರೂ ಹಾಕಲು ಬರುವುದಿಲ್ಲ. ಹಿಂದಿನ ತಗಡಿನ ಬಾಗಿಲನ್ನೂ ಮೊದಲೇ ತೆಗೆದು, ಬ್ಯಾಕ್‌ಪ್ಲೇಟ್ ಮೇಲೆ ಅಡ್ಡಲಾಗಿ ಎರಡು ಪಟ್ಟಿ ಮಾಸ್ಕಿಂಗ್ ಟೇಪ್ ಅಂಟಿಸಿ, ಕ್ಯಾಬಿನೆಟನ್ನು ಮಲಗಿಸಿಟ್ಟರೆ ಕೆಲಸ ಸಲೀಸು.

ಹಳೆಯ ಪೇಸ್ಟ್ ತೆಗೆಯಲು ಮೆಡಿಕಲ್ ಅಂಗಡಿಯ ಸರ್ಜಿಕಲ್ ಸ್ಪಿರಿಟ್ ಬೇಡ. ಅದರಲ್ಲಿ ನೀರಿರುತ್ತದೆ, ಕೆಲವದರಲ್ಲಿ ಎಣ್ಣೆಯಂಶವೂ ಇದ್ದು ಮೇಲ್ಮೈಯಲ್ಲಿ ಪೊರೆ ಉಳಿಯುತ್ತದೆ. ಮೊಬೈಲ್ ರಿಪೇರಿಯವರು ಬಳಸುವ ಐಸೊಪ್ರೊಪೈಲ್ ಆಲ್ಕೋಹಾಲ್ ಊರಲ್ಲೇ ಸಿಗುತ್ತದೆ, 100 ಮಿ.ಲೀ. ₹140. ಬಟ್ಟೆ ನೂಲು ಬಿಡದಂಥದ್ದಿರಲಿ, ಕನ್ನಡಕ ಒರೆಸುವ ಬಟ್ಟೆ ಸಾಕು.

5. ಜೋಡಣೆ, ಮತ್ತು ಪೇಸ್ಟ್ ಎರಡು ಸಲ

ಬ್ಯಾಕ್‌ಪ್ಲೇಟ್ ಹಳೆಯದೇ. ಅದರ ಮೇಲೆ ನಾಲ್ಕು ಪ್ಲಾಸ್ಟಿಕ್ ಸ್ಪೇಸರ್, ಎರಡು ಲೋಹದ ಪಟ್ಟಿ, ನಾಲ್ಕು ಸ್ಕ್ರೂ. ಪಟ್ಟಿಗಳ ದಿಕ್ಕು ನೋಡಿ ಹಾಕಿ. ಟವರಿನ ಗಾಳಿ ಮುಂದಿನಿಂದ ಹಿಂದಕ್ಕೆ ಹೋಗಬೇಕು, ಕೆಳಗಿನಿಂದ ಮೇಲಕ್ಕಲ್ಲ. ತಪ್ಪು ದಿಕ್ಕಿನಲ್ಲಿ ಬಿಗಿದರೆ ಫ್ಯಾನ್ ಗ್ರಾಫಿಕ್ಸ್ ಕಾರ್ಡಿನ ಬಿಸಿಗಾಳಿಯನ್ನೇ ಕುಡಿಯುತ್ತದೆ.

ಫ್ಯಾನ್ ಮೊದಲ ರ‍್ಯಾಮ್ ಸ್ಲಾಟ್‌ನ ಮೇಲೆ ಚಾಚುತ್ತದೆ. ಎರಡು ರ‍್ಯಾಮ್ ಇದ್ದರೆ ಪ್ರೊಸೆಸರ್ ಕಡೆಯಿಂದ ಎರಡು ಮತ್ತು ನಾಲ್ಕನೇ ಸ್ಲಾಟ್‌ನಲ್ಲಿ ಇರಬೇಕಾದ್ದೇ ಕ್ರಮ, ಹಾಗಿದ್ದರೆ ತೊಂದರೆಯಿಲ್ಲ. ನಾಲ್ಕೂ ಸ್ಲಾಟ್ ತುಂಬಿ ಎತ್ತರದ ತಗಡು ಕವಚದ ರ‍್ಯಾಮ್ ಹಾಕಿದ್ದರೆ ಫ್ಯಾನನ್ನು ಮೇಲೆತ್ತಿ ಕ್ಲಿಪ್ ಹಾಕಬೇಕಾಗುತ್ತದೆ, ಆಗ 155 ಎಂಬ ಎತ್ತರ 160 ದಾಟಿ ಬಾಗಿಲು ಮುಚ್ಚುವುದಿಲ್ಲ.

ಪೇಸ್ಟ್ ಮೊದಲ ಸಲ ನಡುವೆ ಬಟಾಣಿ ಗಾತ್ರದ ಒಂದೇ ಚುಕ್ಕಿ. ಫಲಿತಾಂಶ ನಿರಾಸೆ: 1,200 ಆರ್‌ಪಿಎಂನಲ್ಲಿ 85 ಡಿಗ್ರಿ. ಬಿಚ್ಚಿ ನೋಡಿದಾಗ ಕಾರಣ ಕಣ್ಣಿಗೆ ಬಿತ್ತು. ಈ ಕೂಲರಿನ ತಳದಲ್ಲಿ ಹೀಟ್ ಪೈಪ್‌ಗಳೇ ಪ್ರೊಸೆಸರಿಗೆ ತಾಗುತ್ತವೆ. ಪೈಪಿಗೂ ಅಲ್ಯುಮಿನಿಯಂ ತಳಕ್ಕೂ ನಡುವೆ ಕೂದಲೆಳೆಯಷ್ಟು ಸಂದುಗಳಿವೆ. ನಡುವಿನ ಎರಡು ಪೈಪುಗಳ ಮೇಲೆ ಪೇಸ್ಟ್ ತೆಳ್ಳಗೆ, ಬೂದು ಬಣ್ಣಕ್ಕೆ ಹರಡಿತ್ತು. ಅಂಚಿನ ಎರಡು ಪೈಪುಗಳ ಮೇಲೆ ತಾಮ್ರ ಹಾಗೇ ಮಿನುಗುತ್ತಿತ್ತು, ಪೇಸ್ಟ್ ಅಲ್ಲಿಗೆ ಮುಟ್ಟಿಯೇ ಇರಲಿಲ್ಲ. ಹರಡಬೇಕಾದ ಪೇಸ್ಟ್ ಸಂದುಗಳೊಳಗೆ ಇಳಿದು ನಿಂತಿತ್ತು.

ಎರಡನೇ ಸಲ ಮೊದಲು ತಳದ ಸಂದುಗಳಿಗೆ ಹಳೆಯ ಎಟಿಎಂ ಕಾರ್ಡಿನಿಂದ ತೆಳುವಾಗಿ ಪೇಸ್ಟ್ ಸವರಿ ತುಂಬಿ, ಹೆಚ್ಚಾದದ್ದನ್ನು ಒರೆಸಿ ತೆಗೆಯಲಾಯಿತು. ಆಮೇಲೆ 40 ಮಿ.ಮೀ. ಚೌಕದ ಪ್ರೊಸೆಸರ್ ಮೇಲೆ ಮೂಲೆಯಿಂದ ಮೂಲೆಗೆ ಗುಣಾಕಾರದ ಗುರುತಿನಂತೆ ಎರಡು ಗೆರೆ. ಸ್ಕ್ರೂಗಳನ್ನು ಎದುರು-ಬದುರು, ಒಂದೊಂದಕ್ಕೆ ಎರಡೆರಡು ಸುತ್ತಿನಂತೆ ಬಿಗಿಯುತ್ತ ಹೋಗಬೇಕು. ಒಂದನ್ನೇ ಪೂರ್ತಿ ಬಿಗಿದರೆ ತಳ ಓರೆಯಾಗಿ ಪೇಸ್ಟ್ ಒಂದು ಬದಿಗೆ ಒತ್ತುತ್ತದೆ. ಈ ಸಲ ಅದೇ 1,200ರಲ್ಲಿ 81. ನಾಲ್ಕು ಡಿಗ್ರಿ, ಬರೀ ಪೇಸ್ಟಿನಿಂದ.

ಮೊದಲ ಸಲ ಆನ್ ಮಾಡಿದಾಗ ಫ್ಯಾನ್ ಪೂರ್ತಿ 1,850ರಲ್ಲೇ ತಿರುಗಿತು, ಕರ್ವ್ ಎಷ್ಟು ಬದಲಿಸಿದರೂ ಇಳಿಯಲಿಲ್ಲ. ಬಯಾಸ್‌ನಲ್ಲಿ (ಬೋರ್ಡಿನ ಮೂಲ ಸೆಟ್ಟಿಂಗ್ ಪುಟ) ಆ ಹೆಡರ್, ಅಂದರೆ ಫ್ಯಾನ್ ವಯರ್ ಸಿಕ್ಕಿಸುವ ಜಾಗ, ಡಿಸಿ ಎಂದಿತ್ತು (ವೋಲ್ಟೇಜಿನಿಂದ ವೇಗ ಬದಲಿಸುವ ರೀತಿ), ಅಲ್ಲಿ ಕೊಟ್ಟಿದ್ದ ಕನಿಷ್ಠ ವೋಲ್ಟೇಜೂ ಮೇಲಿತ್ತು. ಪಿಡಬ್ಲ್ಯೂಎಂಗೆ ಬದಲಿಸಿದ ಮೇಲೆ 500ರವರೆಗೆ ಇಳಿಯಿತು. ನಾಲ್ಕು ಪಿನ್ ಫ್ಯಾನ್ ಹಾಕಿದವರೆಲ್ಲ ಇದನ್ನೊಮ್ಮೆ ನೋಡಿಕೊಳ್ಳಿ.

6. ನಸುಕಿನ ಪಟ್ಟಿ

ಹಾರ್ಡ್ ಡಿಸ್ಕ್ ವಯರ್ ತೆಗೆದು, ಕ್ಯಾಬಿನೆಟ್ ಫ್ಯಾನ್‌ಗಳನ್ನು ಕನಿಷ್ಠಕ್ಕಿಟ್ಟು ಅಳೆದದ್ದು:

1,850ರಲ್ಲಿ −50
1,500ರಲ್ಲಿ −54
1,200ರಲ್ಲಿ −59
1,000ದಲ್ಲಿ −58
900ರಲ್ಲಿ −63
700ರಲ್ಲಿ −65

ವೇಗ 1,200ರಿಂದ 1,000ಕ್ಕೆ ಇಳಿದರೆ ಸದ್ದು ಕಡಿಮೆಯಾಗಬೇಕು, ಇಲ್ಲಿ ಹೆಚ್ಚಾಗಿದೆ. 50 ಆರ್‌ಪಿಎಂನಂತೆ ಏರಿಸುತ್ತ, ಕ್ಯಾಬಿನೆಟ್‌ನ ಪ್ರತಿ ಮೈಗೂ ಬೆರಳ ತುದಿ ಇಟ್ಟು ನೋಡಿದಾಗ ಸಿಕ್ಕಿತು. 980ರಿಂದ 1,060ರ ನಡುವೆ ಹಿಂಬದಿಯ ತಗಡಿನ ಬಾಗಿಲು ನಡುಗುತ್ತದೆ. ಬೆರಳು ಒತ್ತಿದರೆ ಸದ್ದು ನಿಲ್ಲುತ್ತದೆ, ತೆಗೆದರೆ ಮತ್ತೆ. ಫ್ಯಾನಿನ ಕಂಪನ ಟವರ್, ಬೋರ್ಡ್, ತಗಡು ಎಂದು ಸಾಗಿ ಅಲ್ಲಿ ದೊಡ್ಡದಾಗುತ್ತಿದೆ.

ಅಂಟಿನ ಸ್ಪಂಜ್ ಪಟ್ಟಿ ಪ್ರಯತ್ನಿಸಿದ್ದು ಉಳಿಯಲಿಲ್ಲ. ಬಿಸಿಗೆ ಅಂಟು ಕರಗಿ ಪಟ್ಟಿ ಜಾರಿತು. ಹಳೆಯ ಸೈಕಲ್ ಟ್ಯೂಬನ್ನು 8 ಮಿ.ಮೀ. ಅಗಲಕ್ಕೆ ಕತ್ತರಿಸಿ, ಬಾಗಿಲು ಚೌಕಟ್ಟಿಗೆ ಕೂರುವ ನಾಲ್ಕೂ ಅಂಚಿಗೆ ಪಂಕ್ಚರ್ ಸೊಲ್ಯೂಷನ್‌ನಿಂದ ಅಂಟಿಸಿದ್ದು ನಿಂತಿದೆ. 1,000ದಲ್ಲಿ ಸದ್ದು −58ರಿಂದ −62ಕ್ಕೆ ಇಳಿಯಿತು. ಈ ಇಡೀ ಕೆಲಸದಲ್ಲಿ ಖರ್ಚಿಲ್ಲದೆ ಸಿಕ್ಕ ಅತಿ ದೊಡ್ಡ ಲಾಭ ಇದು. ಹೊಸ ಕೂಲರ್ ಸದ್ದು ಮಾಡುತ್ತದೆ ಎಂದು ವಾಪಸ್ ಕಳಿಸುವ ಮುನ್ನ ಬೆರಳಿಟ್ಟು ನೋಡಿ.

7. ಮಧ್ಯಾಹ್ನದ ಪಟ್ಟಿ, ಮತ್ತು ಕ್ಯಾಬಿನೆಟ್

38 ಡಿಗ್ರಿ, ಬಾಗಿಲು ಮುಚ್ಚಿ, 76 ವ್ಯಾಟ್: 1,850ರಲ್ಲಿ 78, 1,500ರಲ್ಲಿ 79, 1,200ರಲ್ಲಿ 81, 900ರಲ್ಲಿ 85, 700ರಲ್ಲಿ 89.

ಮೇಲಿನ ಮೂರು ಅಂಕಿ ನೋಡಿ. 650 ಆರ್‌ಪಿಎಂ ಹೆಚ್ಚಿಸಿದರೂ ಸಿಕ್ಕಿದ್ದು ಮೂರೇ ಡಿಗ್ರಿ, ಕಳೆದುಕೊಂಡದ್ದು 9 ಡೆಸಿಬಲ್. ಈ ಪ್ರೊಸೆಸರಿನ ಬಿಸಿ ಬೆರಳುಗುರಿನಷ್ಟು ಚಿಪ್‌ನಿಂದ ಹೊರಬರಬೇಕು, ಅಲ್ಲೇ ಇಕ್ಕಟ್ಟು. ಫ್ಯಾನ್ ಜೋರು ಮಾಡಿ ಅದನ್ನು ಬಗೆಹರಿಸಲಾಗದು. 1,200ರ ಮೇಲೆ ಓಡಿಸುವುದರಲ್ಲಿ ಅರ್ಥವಿಲ್ಲ.

ಆಮೇಲೆ ಗಾಜಿನ ಬಾಗಿಲು ತೆಗೆದು ಅದೇ ಪರೀಕ್ಷೆ. 1,200ರಲ್ಲಿ 75. ಆರು ಡಿಗ್ರಿ ಇಳಿಯಿತು ಎಂದರೆ ದೋಷ ಕೂಲರಿನದಲ್ಲ, ಕ್ಯಾಬಿನೆಟ್ಟಿನದು. ಯಾರೇ ಈ ಪರೀಕ್ಷೆ ಮಾಡಲಿ, ಬಾಗಿಲು ತೆಗೆದಾಗ ಎರಡು-ಮೂರು ಡಿಗ್ರಿ ಇಳಿದರೆ ಸಹಜ. ಐದು ದಾಟಿದರೆ ದುಡ್ಡನ್ನು ದೊಡ್ಡ ಕೂಲರಿಗೆ ಸುರಿಯಬೇಡಿ, ಗಾಳಿಯ ದಾರಿ ಬಿಡಿಸಿ. ಬಾಗಿಲು ತೆಗೆದೇ ಇಡೋಣ ಎಂದರೆ ಸದ್ದು ನೇರ ಮೈಕಿಗೆ, ಧೂಳು ನೇರ ಬೋರ್ಡಿಗೆ.

ಈ ಕ್ಯಾಬಿನೆಟ್‌ನ ಮುಂಭಾಗ ಪೂರ್ತಿ ಮುಚ್ಚಿದ ಹಲಗೆ, ಗಾಳಿಗೆ ಪಕ್ಕದಲ್ಲಿ ಬೆರಳಗಲದ ಸೀಳು ಮಾತ್ರ. ಹಲಗೆಯ ಒಳಗಿದ್ದ ದಪ್ಪ ಸ್ಪಂಜ್ ಫಿಲ್ಟರ್ ತೆಗೆಯಲಾಯಿತು. ಹಲಗೆಯ ನಾಲ್ಕು ಮೂಲೆಯ ಗೂಟಗಳಿಗೆ 6 ಮಿ.ಮೀ. ರಬ್ಬರ್ ವಾಷರ್ ಕೊಟ್ಟು ಅದನ್ನು ಮುಂದಕ್ಕೆ ಸರಿಸಿ ಸೀಳು ಅಗಲ ಮಾಡಲಾಯಿತು. ಮುಂದೆ ಎರಡನೇ ಫ್ಯಾನ್ (₹550), ಎರಡೂ ಒಂದೇ ವೈ ಸ್ಪ್ಲಿಟರ್‌ನಲ್ಲಿ (ಒಂದು ಹೆಡರಿಗೆ ಎರಡು ಫ್ಯಾನ್ ಜೋಡಿಸುವ ವಯರ್, ₹150), 700 ಆರ್‌ಪಿಎಂಗೆ ಕಟ್ಟಿ. ಒಂದು ಫ್ಯಾನನ್ನು 1,200ರಲ್ಲಿ ಓಡಿಸುವುದಕ್ಕಿಂತ ಎರಡನ್ನು 700ರಲ್ಲಿ ಓಡಿಸುವುದು ಕಿವಿಗೆ ಎಷ್ಟೋ ಮೇಲು. ಬಾಗಿಲು ಮುಚ್ಚಿ ಮತ್ತೆ ಅಳೆದಾಗ 1,200ರಲ್ಲಿ 77, 900ರಲ್ಲಿ 80, 700ರಲ್ಲಿ 84.

ಸ್ಪಂಜ್ ತೆಗೆದ ಮೇಲೆ ಧೂಳು ತಡೆಯಲು ಸೊಳ್ಳೆ ಪರದೆಯ ನೈಲಾನ್ ಜಾಲರಿ, ಅಂಚಿಗೆ ಮ್ಯಾಗ್ನೆಟ್ ಪಟ್ಟಿ, ಎರಡೂ ಸೇರಿ ₹130. ಒಂದು ಪದರಕ್ಕೆ ತಾಪ ಏರಲಿಲ್ಲ. ಎರಡು ಪದರ ಹಾಕಿ ನೋಡಿದರೆ ನಾಲ್ಕು ಡಿಗ್ರಿ ಏರಿತು, ತೆಗೆದುಹಾಕಬೇಕಾಯಿತು.

8. ಫ್ಯಾನ್ ಕರ್ವ್

ಸಿದ್ಧ ಕರ್ವ್ ಅಳಿಸಿ ಹೊಸದು: 70 ಡಿಗ್ರಿವರೆಗೆ ಶೇ. 35, ಅಂದರೆ ಸುಮಾರು 700 ಆರ್‌ಪಿಎಂ. 70ರಿಂದ 83ರವರೆಗೆ ಶೇ. 47, ಸುಮಾರು 900. 84ಕ್ಕೆ ಒಮ್ಮೆಲೇ ಶೇ. 65, ಸುಮಾರು 1,200. 88ಕ್ಕೆ ಪೂರ್ತಿ. 83ಕ್ಕೂ 84ಕ್ಕೂ ನಡುವೆ ಗೆರೆ ಕಡಿದಾಗಿ ಏರುವುದು ಬೇಕೆಂದೇ ಮಾಡಿದ್ದು. ತಗಡು ನಡುಗುತ್ತಿದ್ದ 980–1,060ರ ಪಟ್ಟಿಯಲ್ಲಿ ಫ್ಯಾನ್ ನಿಲ್ಲಬಾರದು, ದಾಟಿ ಹೋಗಬೇಕು.

ಇಳಿಜಾರು ಗೆರೆಯ ಬದಲು ಮೆಟ್ಟಿಲಂಥ ಗೆರೆ ಯಾಕೆಂದರೆ ಮೈಕಿಗೆ ಒಂದೇ ಸಮನಾದ ಸದ್ದು ಬೇಕು. ಪಾಠ ರೆಕಾರ್ಡ್ ಮಾಡುವಾಗ ಓಬಿಎಸ್ (ರೆಕಾರ್ಡಿಂಗ್ ತಂತ್ರಾಂಶ), ಸ್ಲೈಡ್ ಎರಡೂ ಸೇರಿ 30–35 ವ್ಯಾಟ್, ತಾಪ 62ರಿಂದ 64. ಅಂದರೆ ರೆಕಾರ್ಡಿಂಗ್ ಪೂರ್ತಿ 700ರಲ್ಲೇ, −65ರಲ್ಲಿ ಮುಗಿಯುತ್ತದೆ. ಬಂದ್ ಇದ್ದ ಯಂತ್ರಕ್ಕೂ ಇದಕ್ಕೂ ಒಂದೇ ಡೆಸಿಬಲ್ ವ್ಯತ್ಯಾಸ. ರೈಜೆನ್ ತಾಪ ಒಂದು ಸೆಕೆಂಡಿನಲ್ಲಿ ಹತ್ತು-ಹನ್ನೆರಡು ಡಿಗ್ರಿ ಜಿಗಿದು ಮತ್ತೆ ಬೀಳುವುದು ಅದರ ಗುಣ. ಬಯಾಸ್‌ನಲ್ಲಿ ಸ್ಟೆಪ್ ಅಪ್, ಸ್ಟೆಪ್ ಡೌನ್ ಸಮಯವನ್ನು (ಫ್ಯಾನ್ ವೇಗ ಏರಲು, ಇಳಿಯಲು ತೆಗೆದುಕೊಳ್ಳುವ ಹೊತ್ತು) ಇರುವಷ್ಟರಲ್ಲಿ ಗರಿಷ್ಠಕ್ಕೆ ಇಟ್ಟರೆ ಆ ಜಿಗಿತಗಳಿಗೆ ಫ್ಯಾನ್ ಓಗೊಡುವುದಿಲ್ಲ.

ಒಂದು ದಿನ ಕರೆಂಟ್ ಹೋಗಿ ಯುಪಿಎಸ್ಸೂ ಖಾಲಿಯಾಗಿ, ಮತ್ತೆ ಆನ್ ಮಾಡಿದಾಗ ಹಳೆಯ ಏರಿಳಿತದ ಸದ್ದು ಮರಳಿತ್ತು. ಕರ್ವ್ ಅಳಿಸಿಹೋಗಿ ಸಿದ್ಧ ಕರ್ವ್ ಬಂದು ಕೂತಿತ್ತು, ಬೋರ್ಡಿನ ಗಡಿಯಾರವೂ ಹಿಂದಿನ ವರ್ಷ ತೋರಿಸುತ್ತಿತ್ತು. ಸಿಆರ್2032 ಸೆಲ್ ಮುಗಿದಿದೆ ಎಂದರ್ಥ. ₹40ರ ಹೊಸ ಸೆಲ್ ಹಾಕಿ ಕರ್ವ್ ಮತ್ತೆ ಬರೆದು, ಬಯಾಸ್‌ನ ಪ್ರೊಫೈಲ್ ಆಗಿಯೂ ಉಳಿಸಿಡಲಾಯಿತು. ಕರೆಂಟ್ ಹೋಗಿ ಬರುವ ಊರುಗಳಲ್ಲಿ ನಾಲ್ಕೈದು ವರ್ಷ ಹಳೆಯ ಬೋರ್ಡ್ ಇದ್ದರೆ ಸೆಲ್ಲನ್ನು ಇದೇ ಕೈಯಲ್ಲಿ ಬದಲಿಸಿಬಿಡಿ.

9. ಬೇಸಿಗೆಗೆ ಮಾತ್ರ 61 ವ್ಯಾಟ್

ಮೇ ತಿಂಗಳಲ್ಲಿ ಕೋಣೆ 40 ಮುಟ್ಟಿದರೆ ವಿಡಿಯೊ ಎಕ್ಸ್‌ಪೋರ್ಟ್ ಹೊತ್ತಿನಲ್ಲಿ ತಾಪ 83ರ ಗೆರೆಯ ಮೇಲೆ ತೂಗಾಡುತ್ತದೆ. ಅದಕ್ಕೆ ಬಯಾಸ್‌ನ ಪಿಬಿಒ ಮೆನುವಿನಲ್ಲಿ ಪಿಪಿಟಿ ಮಿತಿಯನ್ನು, ಅಂದರೆ ಪ್ರೊಸೆಸರ್ ಎಳೆಯಬಹುದಾದ ಗರಿಷ್ಠ ವ್ಯಾಟನ್ನು, 76ರಿಂದ 61ಕ್ಕೆ ಇಳಿಸಲಾಯಿತು. ಪ್ರೊಸೆಸರ್ ತಯಾರಕ ಎಎಂಡಿಯ ಇಕೋ ಮೋಡ್ (ಕಡಿಮೆ ವಿದ್ಯುತ್ತಿನ ಸೆಟ್ಟಿಂಗ್) ಇಂಥ ಪ್ರೊಸೆಸರಿಗೆ ಕೊಡುವುದೂ ಇದೇ ಅಂಕಿ. 38 ಡಿಗ್ರಿ ಕೋಣೆಯಲ್ಲಿ 900ಕ್ಕೆ 73, 700ಕ್ಕೆ 76. ಸಿನಿಬೆಂಚ್ ಅಂಕ 11,050ರಿಂದ 10,480ಕ್ಕೆ. ಗಮನಿಸಿ, ಹಳೆಯ ಕೂಲರ್ 2,650ರಲ್ಲಿ ಕಿರುಚುತ್ತ ಕೊಟ್ಟದ್ದೂ ಹೆಚ್ಚುಕಡಿಮೆ ಇಷ್ಟೇ ಅಂಕ. ಮಳೆಗಾಲ ಹಿಡಿದ ಮೇಲೆ 76ಕ್ಕೆ ಮರಳಿಸಬಹುದು.

10. ಉಳಿದ ಸದ್ದು: ಹಾರ್ಡ್ ಡಿಸ್ಕ್

ಕೂಲರ್ ಸುಮ್ಮನಾದ ಮೇಲೆ, ಅದರಡಿ ಮುಚ್ಚಿಹೋಗಿದ್ದ ಸದ್ದುಗಳು ಒಂದೊಂದಾಗಿ ಕೇಳತೊಡಗುತ್ತವೆ. ಹಾರ್ಡ್ ಡಿಸ್ಕ್ ವಯರ್ ಮತ್ತೆ ಕೊಟ್ಟಾಗ ಮಟ್ಟ −65ರಿಂದ −60ಕ್ಕೆ ಏರಿತು. ಆಡಾಸಿಟಿಯ ಪ್ಲಾಟ್ ಸ್ಪೆಕ್ಟ್ರಮ್‌ನಲ್ಲಿ 120 ಹರ್ಟ್ಸ್‌ಗೆ ನೆಟ್ಟಗೆ ಒಂದು ಗೂಟ. ನಿಮಿಷಕ್ಕೆ 7,200 ಸುತ್ತು ಎಂದರೆ ಸೆಕೆಂಡಿಗೆ 120, ಅನುಮಾನಕ್ಕೆ ಎಡೆಯೇ ಇಲ್ಲ.

ದರ್ಜಿ ಅಂಗಡಿಯ ಅಗಲ ಎಲಾಸ್ಟಿಕ್‌ನಿಂದ ಡಿಸ್ಕನ್ನು ತೊಟ್ಟಿಲ ಹಾಗೆ ತೂಗುಹಾಕಿದಾಗ ಸದ್ದು −64ಕ್ಕೆ ಇಳಿಯಿತು. ಆದರೆ ತಗಡಿಗೆ ತಾಗದ ಡಿಸ್ಕಿನ ಬಿಸಿ ಹೋಗಲು ದಾರಿಯಿಲ್ಲ, 46 ಇದ್ದದ್ದು ಒಂದು ಗಂಟೆಯಲ್ಲಿ 53. ಪಾಠಗಳೆಲ್ಲ ಇರುವ ಡಿಸ್ಕನ್ನು ಅಷ್ಟು ಬಿಸಿಯಲ್ಲಿ ದುಡಿಸುವುದು ಸರಿಯಲ್ಲ. ಎಲಾಸ್ಟಿಕ್ ಉಪಾಯ ತಂಪು ಕೋಣೆಗೆ ಇರಲಿ. ಡಿಸ್ಕನ್ನು ಯುಎಸ್‌ಬಿ ಪೆಟ್ಟಿಗೆಗೆ ಹಾಕಿ ಬ್ಯಾಕಪ್‌ಗೆ ಮಾತ್ರ ಇಟ್ಟುಕೊಳ್ಳಲಾಗಿದೆ, ರೆಕಾರ್ಡಿಂಗ್ ಎಸ್‌ಎಸ್‌ಡಿಗೆ. ಪೆಟ್ಟಿಗೆ ಮೊದಲೇ ಇತ್ತು, ಖರ್ಚಿಲ್ಲ.

11. ಖರ್ಚು, ಮತ್ತು ಧೂಳು

ಕೂಲರ್ 2,350, ಫ್ಯಾನ್ 550, ಪೇಸ್ಟ್ 4 ಗ್ರಾಂ 480, ಆಲ್ಕೋಹಾಲ್ 140, ಸ್ಪ್ಲಿಟರ್ 150, ಥರ್ಮಾಮೀಟರ್ 180, ಜಾಲರಿ ಮತ್ತು ಮ್ಯಾಗ್ನೆಟ್ 130, ಸೆಲ್ 40. ಒಟ್ಟು ₹4,020. ಕೂಲರ್ ಜೊತೆ ಪೇಸ್ಟ್ ಬಂದಿತ್ತು, ಒಂದೇ ಸಲಕ್ಕೆ ಸಾಕಾಗುವಷ್ಟು. ಎರಡನೇ ಸಲಕ್ಕೆಂದು ಕೊಂಡ 480 ಅನ್ನು ಬೇಕಾದವರು ಬಿಡಬಹುದು, ಆದರೆ ಬಿಚ್ಚಿ ನೋಡುವ ಧೈರ್ಯ ಬರುವುದು ಕೈಯಲ್ಲಿ ಇನ್ನೊಂದು ಟ್ಯೂಬ್ ಇದ್ದಾಗಲೇ.

ಟವರ್ ಕೂಲರ್ ಹಾಕಿದ ಕಂಪ್ಯೂಟರನ್ನು ನಿಲ್ಲಿಸಿಕೊಂಡು ಆಟೋದಲ್ಲಾಗಲಿ ಬಸ್ ಪಾರ್ಸೆಲ್‌ನಲ್ಲಾಗಲಿ ಒಯ್ಯಬೇಡಿ. ಅರ್ಧ ಕಿಲೊಗೂ ಹೆಚ್ಚಿನ ತೂಕ ಬೋರ್ಡಿನಿಂದ ಅಡ್ಡಲಾಗಿ ಚಾಚಿರುತ್ತದೆ, ಗುಂಡಿಯ ಪ್ರತಿ ಕುಲುಕಿಗೂ ಅದು ಬೋರ್ಡನ್ನು ಮೀಟುತ್ತದೆ. ಗಾಜಿನ ಬದಿ ಮೇಲೆ ಬರುವಂತೆ ಮಲಗಿಸಿ ಒಯ್ಯಿರಿ.

ನಮ್ಮ ಎರೆಮಣ್ಣಿನ ಧೂಳು ಹಿಟ್ಟಿಗಿಂತ ನುಣ್ಣಗೆ, ಜಾಲರಿಯನ್ನೂ ದಾಟಿ ಟವರಿನ ಮುಂದಿನ ಅಂಚಿನಲ್ಲಿ ಪದರ ಕಟ್ಟುತ್ತದೆ. ಜಾಲರಿಯನ್ನು ವಾರಕ್ಕೊಮ್ಮೆ ಕೊಡವಿದರೆ ಸಾಕು. ಟವರಿಗೆ ಕೈ ಬ್ಲೋವರ್. ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ಹಿಡಿದುಕೊಂಡೇ ಗಾಳಿ ಬಿಡಿ, ಇಲ್ಲದಿದ್ದರೆ ಅದು ಮಿತಿ ಮೀರಿ ತಿರುಗಿ ಬೇರಿಂಗ್ ಹಾಳಾಗುತ್ತದೆ, ಆಮೇಲೆ ಯಾವ ಕರ್ವ್ ಹಾಕಿದರೂ ಕಟಕಟ ಸದ್ದು ಹೋಗುವುದಿಲ್ಲ. ಪಂಕ್ಚರ್ ಅಂಗಡಿಯ ಕಂಪ್ರೆಸರ್ ಬೇಡ, ಅದರ ಗಾಳಿಯಲ್ಲಿ ನೀರಿನ ಹನಿ, ಎಣ್ಣೆ ಎರಡೂ ಬರುತ್ತವೆ.

ಬ್ಲೋವರ್ ಯಾವಾಗ ಹಿಡಿಯಬೇಕೆಂದು ತಾಪ ಒಂದನ್ನೇ ನೋಡಿ ಹೇಳಲಾಗದು, ಕೋಣೆಯ ಕಾವು ದಿನಕ್ಕೊಂದು. ತಿಂಗಳಿಗೊಮ್ಮೆ ಮಿತಿಯನ್ನು 76 ವ್ಯಾಟ್‌ಗೆ, ಫ್ಯಾನನ್ನು 900ಕ್ಕೆ ಕಟ್ಟಿ ಹತ್ತು ನಿಮಿಷ ಓಡಿಸಿ, ಪ್ರೊಸೆಸರ್ ತಾಪದಿಂದ ಥರ್ಮಾಮೀಟರ್ ತಾಪ ಕಳೆದು ಕ್ಯಾಬಿನೆಟ್ ಒಳಬದಿಗೆ ಅಂಟಿಸಿದ ಚೀಟಿಯಲ್ಲಿ ಬರೆಯಬೇಕು. ಈಗಿರುವುದು 42. 46 ದಾಟಿದರೆ ಬ್ಲೋವರ್. ಬ್ಲೋವರ್ ಆದ ಮೇಲೂ ಇಳಿಯದಿದ್ದರೆ ಪೇಸ್ಟ್ ಬದಲಿಸಬೇಕು.